‘ದೊಡ್ಡ ಡಾಕ್ಟ್ರನ್ನ ಕರೀರಿ’ ಅನ್ನೋ ಮುಂಚೆ...

ರಸೆಲ್ ಮಾರ್ಕೆಟ್‌ಗೆ ಯಾವ ಹೊತ್ತಿನಲ್ಲಿ ಹೋದರೆ ಹೂವು ಅಗ್ಗಕ್ಕೆ ಸಿಗುತ್ತೆ ಅಂತ ನಿಮಗೆ ಗೊತ್ತು. ಇಂದಿರಾನಗರದ ಯಾವ ಟೈಲರ್ ಹೇಳಿದ ದಿನಕ್ಕೆ ಬ್ಲೌಸ್ ಕೊಡ್ತಾನೆ, ಯಾವನು ಹಬ್ಬ ಮುಗಿದ ಮೇಲೆ ಕೊಡ್ತಾನೆ ಅಂತಲೂ ಗೊತ್ತು. ಹಲಸೂರಿನಲ್ಲಿ ಯಾವ ಅಂಗಡಿಯ ಕಾಫಿಪುಡಿ ಚೆನ್ನಾಗಿರುತ್ತೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀರಿ. ಸರಿ, ಈಗ ಒಂದೇ ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗ್ತೀರಿ? ಆ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ? ಅವರು ಏನು ಓದಿರುತ್ತಾರೆ?

ಗೊತ್ತಿಲ್ಲ ಅಲ್ವಾ? ‘ಛೆ, ಬಿಡ್ತು ಅನ್ನಿ, ಅಂಥದ್ದೆಲ್ಲ ಯಾಕೆ ಮಾತಾಡೋದು’ ಅಂತ ಅತ್ತೆ ಗದರಿಸಬಹುದು. ಆದರೆ ಅಪಶಕುನ ಅಂತ ಮಾತು ಮುಚ್ಚಿಟ್ಟರೆ ಅಪಾಯ ಬಾಗಿಲಲ್ಲೇ ನಿಲ್ಲೋದಿಲ್ಲ. ಅದಕ್ಕೇ ಈ ಸಲ ಎಮರ್ಜೆನ್ಸಿ ವಿಭಾಗದ ವೈದ್ಯರ ಬಗ್ಗೆ ಸ್ವಲ್ಪ ಮಾತಾಡೋಣ. ಅವರು ಯಾರು, ಹೇಗೆ ಕೆಲಸ ಮಾಡ್ತಾರೆ, ಅವರಿಗೆ ನಿಮ್ಮಿಂದ ಏನು ಬೇಕು ಅನ್ನೋದನ್ನು ತಿಳಿದುಕೊಳ್ಳೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ: ಆ ವೈದ್ಯರಿಗೆ ಮನೆಯವರಿಂದ ಬೇಕಾದದ್ದು ಎರಡೇ, ಸಮಯ ಮತ್ತು ಸರಿಯಾದ ಮಾಹಿತಿ. ಮಾಹಿತಿ ಇರೋದು ಹೆಚ್ಚಾಗಿ ಮನೆಯ ಹೆಂಗಸಿನ ಹತ್ತಿರ. ಸಮಯ ಹಾಳಾಗೋದು ಹೆಚ್ಚಾಗಿ ಅದೇ ಹೆಂಗಸಿಗೆ ಕಾಯಿಲೆ ಬಂದಾಗ!

ಅವರು ಬರೀ ‘ಡ್ಯೂಟಿ ಡಾಕ್ಟರ್’ ಅಲ್ಲ

ರೋಗಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಕೂಡಲೇ ನಮ್ಮವರ ಬಾಯಲ್ಲಿ ಬರೋ ಮೊದಲ ಮಾತು ಏನು ಗೊತ್ತಾ? ‘ದೊಡ್ಡ ಡಾಕ್ಟ್ರು ಎಲ್ಲಿ? ಅವರನ್ನ ಕರೀರಿ ಮೊದಲು.’ ಎದುರಿಗೆ ನಿಂತಿರುವ ಹುಡುಗ ಅಥವಾ ಹುಡುಗಿ ನಮ್ಮ ಕಣ್ಣಿಗೆ ‘ಚಿಕ್ಕ ಡಾಕ್ಟರ್’. ತಲೆ ನರೆತಿರಬೇಕು, ಹೃದಯದ್ದಾದರೆ ಹೃದಯದವರು, ಮೂಳೆಯದ್ದಾದರೆ ಮೂಳೆಯವರು ಬರಬೇಕು, ಆಗಲೇ ನಮಗೆ ಸಮಾಧಾನ.

ಈ ಭಾವನೆ ಸುಮ್ಮನೆ ಬಂದದ್ದಲ್ಲ. ಹಿಂದೆ ಆಸ್ಪತ್ರೆಗಳಲ್ಲಿ ಇದ್ದದ್ದು ‘ಕ್ಯಾಶುವಾಲ್ಟಿ’. ಆಗ ತಾನೇ ಓದು ಮುಗಿಸಿದವರನ್ನೋ, ಬೇರೆ ವಿಭಾಗದಿಂದ ಸರದಿಯ ಮೇಲೆ ಕಳಿಸಿದವರನ್ನೋ ಅಲ್ಲಿ ಕೂರಿಸುತ್ತಿದ್ದರು. ಅವರು ಹೆಸರು ಬರೆದುಕೊಂಡು, ಪ್ರಥಮ ಚಿಕಿತ್ಸೆ ಕೊಟ್ಟು, ಸಂಬಂಧಪಟ್ಟ ವೈದ್ಯರಿಗೆ ಹೇಳಿ ಕಳಿಸುತ್ತಿದ್ದರು. ತುರ್ತು ಚಿಕಿತ್ಸೆ ಅನ್ನೋದೇ ಒಂದು ಪ್ರತ್ಯೇಕ ವಿದ್ಯೆ ಅಂತ ಒಪ್ಪಿಕೊಳ್ಳೋದಕ್ಕೆ ಲೋಕಕ್ಕೇ ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ಅದಕ್ಕೆ ವಿಶೇಷ ವಿಷಯದ ಮಾನ್ಯತೆ ಸಿಕ್ಕಿದ್ದು 1979ರಲ್ಲಿ. ನಮ್ಮ ದೇಶದಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ಅದನ್ನು ಸ್ನಾತಕೋತ್ತರ ವಿಷಯವಾಗಿ ಒಪ್ಪಿದ್ದು 2009ರಲ್ಲಿ. ಅಂದರೆ, ನಿಮ್ಮ ಅಮ್ಮನ ಕಾಲದಲ್ಲಿ ಈ ಓದೇ ನಮ್ಮಲ್ಲಿ ಇರಲಿಲ್ಲ!

ಈಗ ಲೆಕ್ಕ ಹಾಕಿ. ಎಂಬಿಬಿಎಸ್ ನಾಲ್ಕೂವರೆ ವರ್ಷ. ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಪ್ರವೇಶ ಪರೀಕ್ಷೆ ಬರೆದು ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂ.ಡಿ. ಅಥವಾ ಡಿ.ಎನ್.ಬಿ. ಒಟ್ಟು ಎಂಟೂವರೆ ವರ್ಷಕ್ಕೆ ಕಡಿಮೆ ಇಲ್ಲ. ಆ ಮೂರು ವರ್ಷದಲ್ಲಿ ಐಸಿಯು, ಅರಿವಳಿಕೆ, ಮೂಳೆ, ಮಕ್ಕಳು, ಹೆರಿಗೆ ಹೀಗೆ ಎಲ್ಲ ಕಡೆ ಸುತ್ತಿ ಬಂದಿರುತ್ತಾರೆ. ಹೃದಯದ ವೈದ್ಯರಿಗೆ ಹೃದಯ ಆಳವಾಗಿ ಗೊತ್ತು. ಎಮರ್ಜೆನ್ಸಿ ವೈದ್ಯರಿಗೆ ಎಲ್ಲ ಅಂಗಗಳ ಮೊದಲ ಒಂದು ಗಂಟೆ ಆಳವಾಗಿ ಗೊತ್ತು. ಉಸಿರು ನಿಂತವರ ಗಂಟಲಿಗೆ ಕೊಳವೆ ಹಾಕುವುದು, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವುದು, ಸುರಿಯುವ ರಕ್ತ ನಿಲ್ಲಿಸುವುದು ಅವರ ನಿತ್ಯದ ಕೆಲಸ. ‘ದೊಡ್ಡ ಡಾಕ್ಟರ್’ ಮನೆಯಿಂದ ಹೊರಟು, ಹಳೇ ಮದರಾಸು ರಸ್ತೆಯ ಟ್ರಾಫಿಕ್ ದಾಟಿ ಬರೋವರೆಗೆ ಜೀವ ಹಿಡಿದಿಡುವವರು ಇವರೇ.

ಹಾಗಂತ ಎಲ್ಲ ಆಸ್ಪತ್ರೆಯಲ್ಲೂ ಇಂಥವರೇ ಇರುತ್ತಾರಾ? ಇಲ್ಲ. ಇದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ‘24 ಗಂಟೆ ತುರ್ತು ಸೇವೆ’ ಅಂತ ಕೆಂಪು ದೀಪದ ಬೋರ್ಡ್ ಹಾಕಿದ ಮಾತ್ರಕ್ಕೆ ಒಳಗೆ ತರಬೇತಾದವರು ಇದ್ದಾರೆ ಅಂತಲ್ಲ. ಈ ವಿಚಾರಕ್ಕೆ ಆಮೇಲೆ ಬರೋಣ.

ಆಮೇಲೆ ಬಂದವರನ್ನ ಮೊದಲು ಯಾಕೆ ನೋಡ್ತಾರೆ?

ಎಮರ್ಜೆನ್ಸಿಯಲ್ಲಿ ನಡೆಯೋ ಎಷ್ಟೋ ಜಗಳಗಳು ಇದೇ ಕಾರಣಕ್ಕೆ. ‘ನಾವು ಬಂದು ಮುಕ್ಕಾಲು ಗಂಟೆ ಆಯ್ತು, ಈಗ ಬಂದವರನ್ನ ಒಳಗೆ ಕರ್ಕೊಂಡು ಹೋದ್ರಲ್ಲ!’

ಇದು ರೇಷನ್ ಅಂಗಡಿಯ ಕ್ಯೂ ಅಲ್ಲ. ಬಾಗಿಲಲ್ಲೇ ಒಬ್ಬ ನರ್ಸ್ ಅಥವಾ ವೈದ್ಯರು ನಾಡಿ, ಬಿಪಿ, ಉಸಿರು, ಮೈಯ ಆಮ್ಲಜನಕ, ಪ್ರಜ್ಞೆ ಇಷ್ಟನ್ನು ನೋಡಿ ರೋಗಿಗಳನ್ನು ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಅಂತಾರೆ. ಅದು ಫ್ರೆಂಚ್ ಮಾತು, ಅರ್ಥ ವಿಂಗಡಣೆ ಅಂತಲೇ. ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೆ ಯುದ್ಧಭೂಮಿಯಲ್ಲಿ ಇದನ್ನು ರೂಢಿಗೆ ತಂದ. ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಅಂತ ನೋಡದೆ, ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ. ಇವತ್ತಿಗೂ ನಿಯಮ ಅದೇ. ಕೆಂಪು ಅಂದರೆ ಈ ಕ್ಷಣವೇ ನೋಡಬೇಕು. ಹಳದಿ ಅಂದರೆ ಬೇಗ ನೋಡಬೇಕು, ಆದರೆ ಕೆಲ ನಿಮಿಷ ತಡೆಯಬಹುದು. ಹಸಿರು ಅಂದರೆ ಕಾಯಬಹುದು.

ಹಾಗಾಗಿ ನಿಮ್ಮನ್ನು ಕಾಯಲು ಹೇಳಿದರೆ ಬೇಜಾರು ಬೇಡ. ನಿಮ್ಮ ಮಗನ ಮುರಿದ ಕೈಗಿಂತ ಪಕ್ಕದ ಅಜ್ಜಿಯ ಉಸಿರು ಮುಖ್ಯ ಅಂತ ಅವರಿಗೆ ಅನ್ನಿಸಿದೆ, ಅಷ್ಟೇ. ಆದರೆ ಒಂದು ಮಾತು ನೆನಪಿಡಿ. ಕಾಯುತ್ತಿರುವಾಗ ರೋಗಿಯ ಸ್ಥಿತಿ ಬದಲಾದರೆ, ಅಂದರೆ ಬೆವರು, ತಲೆಸುತ್ತು, ಉಸಿರಾಟ ಕಷ್ಟ, ಮಾತು ತೊದಲು ಹೀಗೇನಾದರೂ ಶುರುವಾದರೆ, ಸಂಕೋಚ ಬಿಟ್ಟು ಎದ್ದು ಹೋಗಿ ನರ್ಸ್‌ಗೆ ಹೇಳಿ. ಹಸಿರು ಕೆಂಪಾಗೋದು ನಿಮಿಷದ ಮಾತು.

ಇನ್ನೊಂದು ಅನುಮಾನ ಎಲ್ಲರಿಗೂ ಬರುತ್ತೆ. ‘ಇಸಿಜಿ ನಾರ್ಮಲ್ ಅಂದ್ರು, ಆದ್ರೂ ಮನೆಗೆ ಬಿಡ್ತಿಲ್ಲ, ದುಡ್ಡು ಮಾಡೋಕೆ ಇಟ್ಕೊಂಡಿದ್ದಾರೆ’ ಅಂತ. ನೋಡಿ, ಹೃದಯಾಘಾತದ ಶುರುವಿನಲ್ಲಿ ಮೊದಲ ಇಸಿಜಿ ಕೆಲವು ಸಲ ಸರಿಯಾಗೇ ಇರುತ್ತೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಬದಲಾವಣೆ ಕಾಣುತ್ತೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲ ಗಂಟೆ ಬಿಟ್ಟು ಮತ್ತೆ ಮಾಡಬೇಕಾಗುತ್ತೆ. ಬಿಲ್ಲಿನ ಬಗ್ಗೆ ಪ್ರಶ್ನೆ ಇದ್ದರೆ ಖಂಡಿತ ಕೇಳಿ. ಆದರೆ ‘ಯಾಕೆ ಎರಡನೇ ಸಲ?’ ಅನ್ನೋದಕ್ಕೆ ಉತ್ತರ ಬಹಳ ಸಲ ಇದೇ ಆಗಿರುತ್ತೆ.

ಉತ್ತರ ನಿಮ್ಮ ಹತ್ತಿರವೇ ಇದೆ

ಎಮರ್ಜೆನ್ಸಿ ವೈದ್ಯರ ಮುಂದೆ ಬರುವ ರೋಗಿ ಅವರಿಗೆ ಪೂರ್ತಿ ಅಪರಿಚಿತ. ಹಳೇ ಫೈಲು ಇಲ್ಲ, ಪರಿಚಯ ಇಲ್ಲ, ಕೆಲವು ಸಲ ರೋಗಿಗೆ ಮಾತೇ ಇಲ್ಲ. ಆಗ ಅವರು ನೋಡೋದು ಜೊತೆಗೆ ಬಂದವರ ಮುಖ. ನಿಮ್ಮ ಯಜಮಾನರ ಬಿಪಿ ಮಾತ್ರೆ ಯಾವುದು ಅಂತ ಅವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಾವನವರು ಬೆಳಿಗ್ಗೆ ಇನ್ಸುಲಿನ್ ತಗೊಂಡು ತಿಂಡಿ ತಿನ್ನದೆ ವಾಕಿಂಗ್ ಹೋದರು ಅಂತ ಗೊತ್ತಿರೋದೂ ನಿಮಗೇ.

ಒಂದು ಉದಾಹರಣೆ. ಅತ್ತೆಯವರ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ. ಇದು ಪಾರ್ಶ್ವವಾಯು, ನಾವು ಲಕ್ವ ಅನ್ನೋದು. ಆಸ್ಪತ್ರೆಗೆ ಹೋದ ಕೂಡಲೇ ವೈದ್ಯರು ಕೇಳೋದು ‘ಯಾವಾಗ ಶುರುವಾಯ್ತು?’ ಅಂತ ಮಾತ್ರ ಅಲ್ಲ. ‘ಕೊನೆಯ ಸಲ ಚೆನ್ನಾಗಿದ್ದದ್ದನ್ನ ನೀವು ಎಷ್ಟು ಗಂಟೆಗೆ ನೋಡಿದ್ರಿ?’ ಅಂತ. ಯಾಕೆಂದರೆ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಮಾಡಿ, ಅದು ಹೆಪ್ಪೋ ರಕ್ತಸ್ರಾವವೋ ಅಂತ ನೋಡಬೇಕು. ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ತಜ್ಞರು ಲೆಕ್ಕ ಹಾಕಿದ್ದಾರೆ. ‘ಹತ್ತು ಗಂಟೆಗೆ ಕಾಫಿ ಕೊಟ್ಟಾಗ ಚೆನ್ನಾಗೇ ಮಾತಾಡಿದ್ರು ಡಾಕ್ಟ್ರೇ’ ಅನ್ನೋ ನಿಮ್ಮ ಒಂದು ವಾಕ್ಯ ಇದೆಯಲ್ಲ, ಅದರ ಮೇಲೆ ಆ ಚುಚ್ಚುಮದ್ದು ಕೊಡಬಹುದೋ ಬೇಡವೋ ಅನ್ನೋದು ನಿಂತಿರುತ್ತೆ. ಎಂಥ ದೊಡ್ಡ ಮಾತು ನೋಡಿ!

ವೈದ್ಯರು ಕೇಳುವ ಮುಂಚೆಯೇ ಇಷ್ಟನ್ನು ಸಿದ್ಧ ಮಾಡಿಟ್ಟುಕೊಳ್ಳಿ:

* ಏನಾಯ್ತು, ಎಷ್ಟು ಗಂಟೆಗೆ ಆಯ್ತು. ನಾಲ್ಕು ಜನ ಒಟ್ಟಿಗೆ ಹೇಳಬೇಡಿ, ಒಬ್ಬರೇ ಹೇಳಿ.

* ಮೊದಲಿಂದ ಇರುವ ಕಾಯಿಲೆಗಳು: ಸಕ್ಕರೆ, ಬಿಪಿ, ಹೃದಯ, ಆಸ್ತಮಾ, ಮೂರ್ಛೆ.

* ತೆಗೆದುಕೊಳ್ಳುವ ಮಾತ್ರೆಗಳು. ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್‌ಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲು ಅದನ್ನೇ ಹೇಳಿ. ನಾಟಿ ಔಷಧಿ, ಕಷಾಯ, ಪಥ್ಯ ಏನಿದ್ದರೂ ಮುಚ್ಚಿಡಬೇಡಿ. ಅವರು ಬೈಯೋದಿಲ್ಲ.

* ಯಾವ ಔಷಧಿಗೆ ಅಲರ್ಜಿ.

* ಕೊನೆಯ ಊಟ, ನೀರು ಯಾವಾಗ. ಶಸ್ತ್ರಚಿಕಿತ್ಸೆ ಬೇಕಾದರೆ ಇದು ಮುಖ್ಯ. ದಾರಿಯಲ್ಲಿ ‘ಪಾಪ, ಬಾಯಾರಿರಬೇಕು’ ಅಂತ ನೀರು, ಕಾಫಿ ಕುಡಿಸಬೇಡಿ. ಪಾರ್ಶ್ವವಾಯು ಆದವರಿಗೆ ನುಂಗಲು ಆಗದೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ನಿಮ್ಮ ಸರದಿ ಬಂದಾಗ ಮಾತ್ರ ಯಾಕೆ ತಡ?

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಗಂಡನಿಗೆ ಎದೆ ಹಿಡಿದರೆ ಆಟೋಗೆ ಓಡ್ತೀರಿ. ಮಗುವಿಗೆ ಜ್ವರ ಬಂದರೆ ರಾತ್ರಿಯೆಲ್ಲ ನಿದ್ದೆ ಮಾಡೋದಿಲ್ಲ. ನಿಮಗೇ ಎದೆ ಭಾರ ಅನ್ನಿಸಿದರೆ? ‘ಗ್ಯಾಸ್ ಇರಬೇಕು.’ ಸ್ವಲ್ಪ ಓಮದ ನೀರು. ಒಂದು ಸೋಡಾ. ‘ಕುಕ್ಕರ್ ಮೂರು ಸಲ ಕೂಗಲಿ, ಅನ್ನ ಇಳಿಸಿಬಿಡ್ತೀನಿ.’ ‘ಮಕ್ಕಳು ಸ್ಕೂಲಿಂದ ಬರಲಿ.’ ‘ಅವರು ಆಫೀಸಿಂದ ಬಂದ ಮೇಲೆ ನೋಡೋಣ.’ ಈ ನಾಲ್ಕು ವಾಕ್ಯದಲ್ಲಿ ಆರು ಗಂಟೆ ಹೋಗಿರುತ್ತೆ!

ಹೆಂಗಸರಲ್ಲೂ ಹೃದಯಾಘಾತದ ಮುಖ್ಯ ಲಕ್ಷಣ ಎದೆನೋವು, ಎದೆ ಬಿಗಿತವೇ. ಆದರೆ ಅದರ ಜೊತೆಗೆ, ಕೆಲವು ಸಲ ಅದಿಲ್ಲದೆಯೂ, ದವಡೆ, ಕತ್ತು, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಕರಿಕೆ, ತಣ್ಣನೆ ಬೆವರು, ಏದುಸಿರು, ಕಾರಣವಿಲ್ಲದ ವಿಪರೀತ ಸುಸ್ತು ಬರೋದು ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರಂತೂ ನೋವೇ ಗೊತ್ತಾಗದೆ ಇರಬಹುದು. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಕುಸಿಯಲಿ ಅಂತ ಕಾದರೆ ತಡವಾಗುತ್ತೆ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಅನ್ನೋದು ಎಮರ್ಜೆನ್ಸಿ ವಿಭಾಗದ ನಿಯಮ. ಆ ಹತ್ತು ನಿಮಿಷ ಶುರುವಾಗೋದು ನೀವು ಬಾಗಿಲು ದಾಟಿದ ಮೇಲೆ. ಮನೆಯಲ್ಲಿ ಕಳೆದ ಆರು ಗಂಟೆಯನ್ನು ಯಾವ ವೈದ್ಯರೂ ವಾಪಸ್ ಕೊಡಲಾರರು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದಾಗ ಊರೆಲ್ಲ ಅತ್ತಿತು. ಆ ಹೆಸರಿನಲ್ಲೇ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಅದು. ಅಪ್ಪು ಹೋದಾಗ ‘ಗಂಡಸರೆಲ್ಲ ಚೆಕಪ್ ಮಾಡಿಸಿಕೊಳ್ಳಲಿ’ ಅಂತ ಮನೆಮನೆಯಲ್ಲೂ ಮಾತಾಯ್ತು. ಹೆಂಗಸರ ಹೃದಯದ ಬಗ್ಗೆ ಎಷ್ಟು ಮನೆಯಲ್ಲಿ ಮಾತಾಯ್ತು ಹೇಳಿ?

ನಮ್ಮ ದಂಡು ಪ್ರದೇಶಕ್ಕೆ ಈ ಸಂಕೋಚದ ಕಥೆ ಹೊಸದಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಶುರುವಾದದ್ದು 1868ರಲ್ಲಿ, ಆಗಿನ ಮೈಸೂರಿನ ಕಮಿಷನರ್ ಬೌರಿಂಗ್ ಹೆಸರಿನಲ್ಲಿ. ಮುಂದೆ ಹೆಂಗಸರಿಗೆ ಅಂತಲೇ ವೈಸರಾಯ್ ಕರ್ಜನ್‌ರ ಪತ್ನಿಯ ಹೆಸರಿನ ಲೇಡಿ ಕರ್ಜನ್ ಆಸ್ಪತ್ರೆ ಜೊತೆಗೆ ಬಂತು. ಅಲ್ಲೇ ಹತ್ತಿರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಹೆಸರಿನ ಗೋಷಾ ಆಸ್ಪತ್ರೆ ಇದೆ. ‘ಗೋಷಾ’ ಅಂದರೆ ಪರದೆ. ಪರದೆ ಪಾಲಿಸುವ ಹೆಂಗಸರು ಗಂಡು ವೈದ್ಯರ ಹತ್ತಿರ ಹೋಗಲಾರರು ಅಂತ ಬೇರೆ ಆಸ್ಪತ್ರೆಯನ್ನೇ ಕಟ್ಟಿಸಿದರು. ಈಗ ಆ ಪರದೆಯ ಕಷ್ಟ ಕಡಿಮೆಯಾಗಿದೆ. ಎಮರ್ಜೆನ್ಸಿ ವಿಭಾಗದಲ್ಲಿ ಹೆಣ್ಣು ವೈದ್ಯರೂ ಇದ್ದಾರೆ. ಆದರೂ ‘ನನ್ನದೇನು ಮಹಾ’ ಅನ್ನೋ ಇನ್ನೊಂದು ಪರದೆ ನಮ್ಮ ಅಡುಗೆಮನೆಯಲ್ಲಿ ಹಾಗೇ ಇದೆ. ಅದನ್ನು ಕಟ್ಟಿಕೊಂಡವರು ನಾವೇ, ತೆಗೆಯಬೇಕಾದವರೂ ನಾವೇ.

‘ಹೋಗಿ ನೋಡಿದ ಮೇಲೆ ಬರೀ ಗ್ಯಾಸ್ ಅಂತಾದರೆ ಮರ್ಯಾದೆ ಹೋಗಲ್ವಾ?’ ಖಂಡಿತ ಹೋಗಲ್ಲ. ಗ್ಯಾಸ್ ಅಂತ ಗೊತ್ತಾಗಿ ನಗುತ್ತಾ ಮನೆಗೆ ಹೋಗೋ ರೋಗಿಯನ್ನು ಕಂಡರೆ ಎಮರ್ಜೆನ್ಸಿ ವೈದ್ಯರಿಗೆ ಸಂತೋಷವೇ ಆಗುತ್ತೆ.

ಹೆಂಗಸರಿಗೇ ಕೇಳುವ ಎರಡು ಪ್ರಶ್ನೆ

ಹೊಟ್ಟೆನೋವು, ತಲೆಸುತ್ತು ಅಂತ ಹೋದರೆ ವೈದ್ಯರು ‘ಕೊನೆಯ ಮುಟ್ಟು ಯಾವಾಗ ಆಯ್ತು?’ ಅಂತ ಕೇಳೇ ಕೇಳ್ತಾರೆ. ಕಾಲೇಜಿಗೆ ಹೋಗೋ ಮಗಳನ್ನು ಕೇಳಿದಾಗ ಕೆಲವು ತಾಯಂದಿರಿಗೆ ಕೋಪ ಬರುತ್ತೆ. ‘ನಮ್ಮ ಹುಡುಗಿ ಅಂಥವಳಲ್ಲ!’ ಇದು ನಡತೆಯ ಪ್ರಶ್ನೆ ಅಲ್ಲ ಕಣ್ರೀ. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತು ಅದು ಒಡೆದರೆ, ಹೊಟ್ಟೆಯೊಳಗೇ ರಕ್ತ ಸುರಿದು ಜೀವಕ್ಕೆ ಅಪಾಯ. ಹೊರಗೆ ಏನೂ ಕಾಣೋದಿಲ್ಲ. ಎಕ್ಸ್‌ರೇ ತೆಗೆಯುವ ಮುಂಚೆ, ಕೆಲವು ಔಷಧಿ ಕೊಡುವ ಮುಂಚೆಯೂ ಇದು ಗೊತ್ತಿರಬೇಕು. ವಯಸ್ಸಿನ ಎಲ್ಲ ಹೆಂಗಸರನ್ನೂ ಕೇಳುವ ಪ್ರಶ್ನೆ ಅದು. ಹುಡುಗಿಗೆ ನಿಮ್ಮೆದುರು ಮಾತಾಡೋಕೆ ಕಷ್ಟ ಆದರೆ ಐದು ನಿಮಿಷ ಹೊರಗೆ ನಿಲ್ಲಿ. ಅದರಿಂದ ನಿಮ್ಮ ತಾಯ್ತನಕ್ಕೆ ಏನೂ ಕಡಿಮೆಯಾಗಲ್ಲ.

ಎರಡನೇ ಪ್ರಶ್ನೆ ‘ಈ ಗಾಯ ಹೇಗಾಯ್ತಮ್ಮ?’ ಬಾತ್‌ರೂಮಿನಲ್ಲಿ ಜಾರಿಬಿದ್ದ ಗಾಯಕ್ಕೂ, ಯಾರೋ ಹಿಡಿದು ತಿರುಚಿದ ಗುರುತಿಗೂ ವ್ಯತ್ಯಾಸ ಅವರಿಗೆ ಗೊತ್ತಾಗುತ್ತೆ. ಗಂಡ, ಅತ್ತೆ ಪಕ್ಕದಲ್ಲೇ ನಿಂತಿದ್ದರೆ ಹೇಳೋದು ಸುಲಭ ಅಲ್ಲ. ‘ಇವರು ಸ್ವಲ್ಪ ಹೊರಗಿರಲಿ’ ಅಂತ ವೈದ್ಯರನ್ನೋ ನರ್ಸ್‌ನ್ನೋ ನೀವೇ ಕೇಳಬಹುದು. ಅವರು ಬರೆದಿಡುವ ನಾಲ್ಕು ಸಾಲು ಮುಂದೆ ಬೇಕಾದಾಗ ನಿಮಗೆ ಆಧಾರ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ನೊಂದ ಮಹಿಳೆ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಮಹಿಳಾ ಸಹಾಯವಾಣಿ 181 ಕೂಡ ಇದೆ. ಇವತ್ತೇ ದೂರು ಕೊಡಬೇಕೋ ಬೇಡವೋ ಅಂತ ಆಮೇಲೆ ಯೋಚಿಸಿ. ವೈದ್ಯರಿಗೆ ಮಾತ್ರ ನಿಜ ಹೇಳಿ.

ಅಡುಗೆಮನೆಯಿಂದ ಆಸ್ಪತ್ರೆಗೆ

ವೈದ್ಯರ ಕೆಲಸವನ್ನು ನಾವೇ ಕಷ್ಟ ಮಾಡುವ ಕೆಲವು ಅಭ್ಯಾಸಗಳಿವೆ. ಬಿಸಿ ಎಣ್ಣೆ ಸಿಡಿಯಿತು, ಕುಕ್ಕರಿನ ಹಬೆ ತಗುಲಿತು. ಕೂಡಲೇ ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ ಹಚ್ಚಿಬಿಡ್ತೀವಿ. ಆಸ್ಪತ್ರೆಯಲ್ಲಿ ಗಾಯ ಎಷ್ಟು ಆಳ ಅಂತ ನೋಡೋಕೆ ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕು. ಆ ನೋವು ಸುಟ್ಟ ನೋವಿಗಿಂತ ಹೆಚ್ಚು! ಮಾಡಬೇಕಾದದ್ದು ಇಷ್ಟೇ. 20 ನಿಮಿಷ ಹರಿಯುವ ತಣ್ಣನೆ ನಲ್ಲಿ ನೀರು. ಐಸ್ ಬೇಡ. ಕೈ ಊದುವ ಮುಂಚೆ ಬಳೆ, ಉಂಗುರ ತೆಗೆಯಿರಿ. ‘ಬಳೆ ತೆಗೆಯಬಾರದು’ ಅನ್ನೋ ಶಾಸ್ತ್ರವನ್ನು ಆ ಹೊತ್ತಿಗೆ ಪಕ್ಕಕ್ಕಿಡಿ. ಊದಿದ ಮೇಲೆ ಬಿಗಿಯಾದ ಬಳೆ ರಕ್ತ ಸಂಚಾರವನ್ನೇ ನಿಲ್ಲಿಸಬಹುದು.

ಮಗು ಫಿನಾಯಿಲ್, ಸೀಮೆಎಣ್ಣೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮೇಲೆ ಬರುವಾಗ ಅದು ಗಂಟಲನ್ನು ಮತ್ತೆ ಸುಡುತ್ತೆ, ಶ್ವಾಸಕೋಶಕ್ಕೂ ಇಳಿಯಬಹುದು. ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ. ಆಟಿಕೆಯ ಗುಂಡಿ ಬ್ಯಾಟರಿ ನುಂಗಿದ್ದರೆ ‘ತಾನೇ ಹೊರಗೆ ಬರುತ್ತೆ’ ಅಂತ ಕಾಯಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರು ಮಾಡುತ್ತೆ. ಕೆ.ಆರ್. ಪುರದ ಕೆರೆ, ಖಾಲಿ ಸೈಟುಗಳ ಅಕ್ಕಪಕ್ಕ ಇರುವವರಿಗೆ ಇನ್ನೊಂದು ಮಾತು. ಹಾವು ಕಚ್ಚಿದರೆ ದಾರ ಬಿಗಿಯೋದು, ಬ್ಲೇಡಿನಿಂದ ಕುಯ್ಯೋದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಕರೆತನ್ನಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯ 2024ರಲ್ಲಿ ಆದೇಶ ಮಾಡಿದೆ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ನಮ್ಮ ಈ ಭಾಗದಲ್ಲಿ ಆಸ್ಪತ್ರೆಗಳಿಗೆ ಕೊರತೆ ಇಲ್ಲ. ಸರ್ಕಾರದ್ದಾದರೆ ಶಿವಾಜಿನಗರದಲ್ಲಿ ಬೌರಿಂಗ್, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದಲ್ಲಿ ಸಾರ್ವಜನಿಕ ಆಸ್ಪತ್ರೆ. ಇಎಸ್ಐ ಕಾರ್ಡ್ ಇದ್ದವರಿಗೆ ಇಂದಿರಾನಗರದ ಇಎಸ್ಐ ಆಸ್ಪತ್ರೆ. ಖಾಸಗಿಯವು ಹಳೇ ಏರ್‌ಪೋರ್ಟ್ ರಸ್ತೆಯಿಂದ ಸಿ.ಎಂ.ಎಚ್. ರಸ್ತೆಯವರೆಗೆ ಎಷ್ಟೋ ಇವೆ. ಆದರೆ ಹೆಸರು ದೊಡ್ಡದು ಅಂತ ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕಳೆಯೋದು ಜಾಣತನ ಅಲ್ಲ. ಉಸಿರು, ರಕ್ತಸ್ರಾವದಂಥ ಅಪಾಯ ಇದ್ದರೆ ಮೊದಲು ಹತ್ತಿರದ ಕಡೆ ಹೋಗಿ. ಅಲ್ಲಿ ಸ್ಥಿತಿ ಹಿಡಿತಕ್ಕೆ ತಂದು ಮುಂದಕ್ಕೆ ಕಳಿಸೋದೂ ಎಮರ್ಜೆನ್ಸಿ ವೈದ್ಯರ ಕೆಲಸವೇ.

ಒಂದು ಸಮಾಧಾನದ ದಿನ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗ, ತರಕಾರಿಗೆ ಹೋದ ದಾರಿಯಲ್ಲೇ ಹತ್ತಿರದ ಆಸ್ಪತ್ರೆಯ ವಿಚಾರಣೆ ಕೌಂಟರಿಗೆ ಹೋಗಿ ಈ ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಎಮರ್ಜೆನ್ಸಿಯಲ್ಲಿ ಯಾರಿರುತ್ತಾರೆ, ಅವರ ಓದು ಏನು? ಅವರು ಕರ್ನಾಟಕ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಆಗಿದ್ದಾರಾ? ರಾತ್ರಿ ಸಿ.ಟಿ. ಸ್ಕ್ಯಾನ್ ಇದೆಯಾ? ಮಕ್ಕಳನ್ನು ನೋಡ್ತಾರಾ? ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡ್ತೀವಿ, ಜರಿ ಉಜ್ಜಿ ನೋಡ್ತೀವಿ. ಜೀವ ಒಪ್ಪಿಸುವ ಜಾಗದ ಬಗ್ಗೆ ಕೇಳೋಕೆ ಯಾಕೆ ಸಂಕೋಚ? ಕೇಳುವವರು ಹೆಚ್ಚಾದರೆ ಆಸ್ಪತ್ರೆಗಳೂ ಬೋರ್ಡಿಗೆ ತಕ್ಕ ಹಾಗೆ ತರಬೇತಾದವರನ್ನು ಇಟ್ಟುಕೊಳ್ಳುತ್ತವೆ. ಸರ್ಕಾರವೂ ಅಷ್ಟೇ, ಬಡಾವಣೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಹಗಲಿನಷ್ಟೇ ರಾತ್ರಿಯೂ ಎಮರ್ಜೆನ್ಸಿ ಓದಿದ ವೈದ್ಯರು ಸಿಗುವ ಹಾಗೆ ಮಾಡಬೇಕು. ಕಟ್ಟಡಕ್ಕಿಂತ ಅದು ಮೊದಲು.

ನಿಮ್ಮ ಹಕ್ಕುಗಳೂ ತಿಳಿದಿರಲಿ. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ: ಸರ್ಕಾರಿಯೋ ಖಾಸಗಿಯೋ, ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ಕಾಗದಪತ್ರ ಆಮೇಲೆ. ತುರ್ತು ಸ್ಥಿತಿಯಲ್ಲಿ ‘ಮೊದಲು ಅಡ್ವಾನ್ಸ್ ಕಟ್ಟಿ’ ಅಂತ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳು ಒತ್ತಾಯ ಮಾಡುವ ಹಾಗಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 2025ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ನಿಮ್ಮನ್ನು ಕೋರ್ಟು, ಕಚೇರಿ ಅಂತ ಅಲೆಸುವ ಹಾಗಿಲ್ಲ ಅಂತಲೂ ಕಾನೂನಿದೆ.

ಹಕ್ಕಿನ ಜೊತೆಗೆ ಒಂದು ಜವಾಬ್ದಾರಿ. ಎಂಥ ದುಃಖದಲ್ಲೂ ವೈದ್ಯರ, ನರ್ಸ್‌ಗಳ ಮೇಲೆ ಕೈ ಮಾಡಲು ಮನೆಯ ಗಂಡಸರನ್ನು ಬಿಡಬೇಡಿ. ಅದು 2009ರಿಂದ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾನೂನಿನಡಿ ಶಿಕ್ಷೆಯಾಗುವ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹೊಡೆತ ತಿಂದ ವೈದ್ಯರ ಕೈ ಪಕ್ಕದ ಹಾಸಿಗೆಯ ಮಗುವಿಗೆ ಸೂಜಿ ಚುಚ್ಚುವಾಗ ನಡುಗುತ್ತೆ. ದೂರು ಇದ್ದರೆ ಬರೆದು ಕೊಡಿ, ಮೇಲಿನವರನ್ನು ಕೇಳಿ.

ಇವತ್ತೇ ಮಾಡಬಹುದಾದದ್ದು

ಈ ಪುಟ ಮಡಚಿಡುವ ಮುಂಚೆ ಒಂದು ಬಿಳಿ ಹಾಳೆ ತಗೊಳ್ಳಿ. ಮೇಲೆ ದೊಡ್ಡದಾಗಿ 108 ಅಂತ ಬರೆಯಿರಿ. 2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿರುವ ಆರೋಗ್ಯ ಕವಚದ ಈ ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಕೆಳಗೆ ನಿಮ್ಮ ಮನೆಯ ಪೂರ್ತಿ ವಿಳಾಸ, ಎಲ್ಲರಿಗೂ ಗೊತ್ತಾಗುವ ಗುರುತು ಸಮೇತ. ‘ಇಷ್ಟನೇ ಕ್ರಾಸ್’ ಅಂದರೆ ಸಾಲದು. ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿ, ಮೆಟ್ರೋ ಕಂಬದ ಎದುರಿನ ಗಲ್ಲಿ ಹೀಗೆ ಬರೆಯಿರಿ. ಗಾಬರಿಯಲ್ಲಿ ಸ್ವಂತ ವಿಳಾಸವೇ ಮರೆತುಹೋಗುತ್ತೆ. ಆಮೇಲೆ ಹತ್ತಿರದ ಎರಡು ಆಸ್ಪತ್ರೆಯ ಹೆಸರು, ಎಮರ್ಜೆನ್ಸಿ ನಂಬರ್. ಅದರ ಕೆಳಗೆ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ಕಾಯಿಲೆ, ಮಾತ್ರೆ, ಅಲರ್ಜಿ. ಕೊನೆಗೆ, ರಾತ್ರಿ ಬಾಗಿಲು ತಟ್ಟಿದರೂ ಬರುವ ಒಬ್ಬ ನೆರೆಯವರ ಫೋನ್.

ಫ್ರಿಜ್ ಮೇಲೆ ಅಂಟಿಸಿ. ಅದರ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳಿಸಿ. ಆಂಬುಲೆನ್ಸ್‌ಗೆ ಫೋನ್ ಮಾಡಿದ ಕೂಡಲೇ ಒಬ್ಬರು ರಸ್ತೆಗೆ ಹೋಗಿ ನಿಲ್ಲಬೇಕು, ಅಪಾರ್ಟ್‌ಮೆಂಟ್ ಆದರೆ ಇನ್ನೊಬ್ಬರು ಲಿಫ್ಟ್ ಹಿಡಿದಿರಬೇಕು ಅಂತ ಮಕ್ಕಳಿಗೂ ಹೇಳಿಕೊಡಿ. ತುಂಬಾ ತಡವಾಗುತ್ತೆ ಅಂತ ಗೊತ್ತಾದರೆ ಸಿಕ್ಕ ವಾಹನದಲ್ಲಿ ಹೊರಡಿ.

ಇನ್ನೊಂದು ಮಾತು, ಮರೆಯಬೇಡಿ. ಮನೆಯವರ ಪಟ್ಟಿ ಬರೆಯುವಾಗ ಯಜಮಾನರು, ಅತ್ತೆ, ಮಾವ, ಮಕ್ಕಳು ಅಂತ ಬರೆದು ಹಾಳೆ ಮುಗಿಸಿಬಿಡ್ತೀರಿ, ನನಗೆ ಗೊತ್ತು. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ. ನಿಮ್ಮ ಸಕ್ಕರೆ, ನಿಮ್ಮ ಬಿಪಿ, ನಿಮ್ಮ ಥೈರಾಯ್ಡ್ ಮಾತ್ರೆ ಎಲ್ಲ ಅಲ್ಲಿರಲಿ. ನಿಮಗೆ ಮಾತಾಡಲಾಗದ ಹೊತ್ತಿನಲ್ಲಿ ಎಮರ್ಜೆನ್ಸಿ ವೈದ್ಯರು ನಿಮ್ಮ ಮನೆಯವರನ್ನು ‘ಇವರು ಯಾವ ಮಾತ್ರೆ ತಗೋತಾರೆ?’ ಅಂತ ಕೇಳಿದರೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲೋ ಹಾಗೆ ಆಗಬಾರದು.